ಎಲ್ಲರ ಪಾಳಿ ಬಂದ ಸುಗ್ಗಿ

ಕಳೆದ ವಾರ ಒಂದು ಕೆಲಸದ ಮೇಲೆ ಔರಾದಿಗೆ ಹೊರಟಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಊರು ಇನ್ನೂ ದೂರವಿರುವಾಗಲೇ ಗಾಳಿಯಲ್ಲಿ ಸೋಯಾ ಹೊಟ್ಟಿನ ವಾಸನೆ ಬಂತು. ಒಣಗಿದ ಕಾಯಿ ಒಡೆದಾಗ ಏಳುವ, ಮೂಗಿನೊಳಗೆ ತುಸು ಕಚ್ಚುವ ಧೂಳಿನ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಜರಾ ಕಿಟಕಿ ಮುಚ್ಚವಾ, ಕೆಮ್ಮ ಬರ್ತದ" ಎಂದಳು. ಮುಚ್ಚಿದೆ. ರಸ್ತೆ ಬದಿಯ ಹೊಲದಲ್ಲಿ ಒಂದು ರಾಶಿ ಮಷಿನ್ ಓಡುತ್ತಿತ್ತು. ಅದು ಯಾರದೋ, ನಮ್ಮದಲ್ಲ. ಆದರೂ ಬಸ್ಸು ತಿರುವು ದಾಟುವವರೆಗೆ ಕುತ್ತಿಗೆ ಹೊರಳಿಸಿ ನೋಡಿದೆ. ನಾವು ಮಷಿನ್ ಕೊಂಡ ಎರಡನೇ ವರ್ಷದ ಸುಗ್ಗಿ ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಟ್ರ್ಯಾಕ್ಟರಿಗೆ ಜೋಡಿಸಿ ಓಡಿಸುವ ಯಂತ್ರ ಅದು. ಕೊಯ್ದ ಬೆಳೆಯನ್ನು ಬಾಯಿಗೆ ಕೊಟ್ಟರೆ ಕಾಳು ಒಂದು ಕಡೆ, ಹೊಟ್ಟು ಇನ್ನೊಂದು ಕಡೆ ಬೀಳುತ್ತದೆ. ಈಗ ಭಾಲ್ಕಿಯ ಅಂಚಿನಲ್ಲಿರುವ ನಮ್ಮ ಶೆಡ್ಡಿನಲ್ಲಿ ಅಂಥವು ಮೂರು ನಿಂತಿವೆ. ಆಗ ಇದ್ದದ್ದು ಒಂದೇ. ಅದನ್ನು ಕೊಂಡವನು ನಮ್ಮಪ್ಪ ಮಾರುತಿ. ಸಾಯಗಾಂವದಲ್ಲಿ ಹುಟ್ಟಿ, ಹರೆಯವೆಲ್ಲ ಬೇರೆಯವರ ಕಣದಲ್ಲಿ ರಾಶಿ ಮಾಡಿ, ತೂರಿ, ಚೀಲ ಹೊತ್ತ ಮನುಷ್ಯ. ನಮ್ಮ ಕೇರಿಯಲ್ಲಿ ಬುದ್ಧ ವಿಹಾರ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ಅವನೂ ಒಬ್ಬ. ಮಷಿನ್ ಮನೆಯ ಮುಂದೆ ಬಂದು ನಿಂತ ದಿನ ಅಪ್ಪ ಅದರ ಸುತ್ತ ಸುಮ್ಮನೆ ತಿರುಗಿದ.

ಆದರೆ ಮೊದಲನೇ ವರ್ಷ ನಮ್ಮ ಮರ್ಯಾದೆ ಹೋಯಿತು. ಅಪ್ಪನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಯಾರು ಕೇಳಿದರೂ "ಬರ್ತೇನ್ರಿ" ಅನ್ನುತ್ತಿದ್ದ. ಟ್ರ್ಯಾಕ್ಟರ್ ಓಡಿಸುವ ರಫೀಕ್ ಭಾಯಿ ಅಪ್ಪನ ಹಳೆಯ ಗೆಳೆಯ; ಚಹಾದಂಗಡಿಯಲ್ಲಿ ಯಾರಾದರೂ ಕೇಳಿದರೆ ಅವರೂ ಹೂಂ ಅನ್ನುತ್ತಿದ್ದರು. ಹೀಗಾಗಿ ಒಂದೇ ದಿನಕ್ಕೆ ಇಬ್ಬರು ಮೂವರು ಕಾಯುತ್ತಿದ್ದರು. ಬೆಳಿಗ್ಗೆ ಬೀದರ ದಾಟಿ ಮನ್ನಳ್ಳಿ, ಮಧ್ಯಾಹ್ನ ಔರಾದ ಕಡೆ, ಮರುದಿನ ಮತ್ತೆ ಸಾಯಗಾಂವ. ಮಷಿನ್ ಕಣದಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಡೀಸೆಲ್ಲು ಹಾದಿಗೇ ಸುಟ್ಟಿತು. ಬೈಗುಳ ಬೇರೆ.

ನಾನು ಆಗ ಬಿ.ಕಾಂ. ಮುಗಿಸಿ ಬೀದರಿನ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕಿದ್ದೆ. ಕಿಟಕಿಯ ಹಿಂದೆ ಕುಳಿತು, ಬಂದವರ ಹೆಸರು ಬರೆದು, ಪಾಳಿಯ ಪ್ರಕಾರ ಒಳಗೆ ಕಳುಹಿಸುವ ಕೆಲಸ. ದೀಪಾವಳಿಗೆ ಮನೆಗೆ ಬಂದಾಗ ಕಂಡದ್ದು ಇಂದಿಗೂ ನೆನಪಿದೆ. ಫೋನು ಒಲೆಯ ಗೂಡಿನಲ್ಲಿ ಬಡಿದುಕೊಳ್ಳುತ್ತಿತ್ತು. ಅಪ್ಪ ಅದರ ಕಡೆ ಬೆನ್ನು ಮಾಡಿ ಕುಳಿತಿದ್ದ. "ಇಲ್ಲಂತ ಹೇಳು" ಎಂದು ಅವ್ವನಿಗೆ ಅಂದ. ಜೀವಮಾನದಲ್ಲಿ ಸುಳ್ಳು ಆಡದ ಮನುಷ್ಯ ತನ್ನ ಮಷಿನ್ನಿನ ದೆಸೆಯಿಂದ ಫೋನಿಗೆ ಅಂಜಿ ಕುಳಿತಿದ್ದ.

ಮರುವರ್ಷ ಸೋಯಾ ಹೂವು ಬಿಡುವ ಹೊತ್ತಿಗೆ ನಾನು ದವಾಖಾನೆಯ ಕೆಲಸ ಬಿಟ್ಟು ಭಾಲ್ಕಿಯ ಮನೆಗೆ ಬಂದೆ. ಅಪ್ಪನಿಗೆ ಅದು ಸೇರಲಿಲ್ಲ. "ಓದಿದಾಕಿ ನೀ, ಧೂಳಾಗ ಏನ್ ಮಾಡ್ತಿ?" ಎಂದ. "ಅಲ್ಲಿ ಮಾಡಿದ್ದೇ ಇಲ್ಲೂ ಮಾಡ್ತೇನಿ. ಒಂದು ಸುಗ್ಗಿ ನನ್ನ ಕೈಯಾಗ ಕೊಡಪ್ಪ" ಎಂದೆ. ಅಪ್ಪ ಫೋನನ್ನು ನನ್ನ ಕಡೆ ಸರಿಸಿ, "ಫೋನ ನಿನ್ನ ಹಂತ್ಯಾಕೇ ಇಟ್ಕೊ. ಅದೊಂದು ತಗೊಂಡ್ರ ಸಾಕು" ಎಂದ.

ಹಳೆಯ ಬಾಗಿಲಿನ ಒಂದು ಹಲಗೆ ಹಿತ್ತಲಲ್ಲಿ ಬಿದ್ದಿತ್ತು. ಅದಕ್ಕೆ ಕಪ್ಪು ಬಣ್ಣ ಬಳಿದು, ರಸ್ತೆಗೆ ಕಾಣುವಂತೆ ತಗಡಿನ ಮಾಡಿನ ಕೆಳಗೆ ನಿಲ್ಲಿಸಿದೆ. ಮೂರು ಭಾಗ ಮಾಡಿದೆ. ಒಂದು ಮನ್ನಳ್ಳಿ ಕಡೆ, ಒಂದು ಸಾಯಗಾಂವ ಕಡೆ, ಒಂದು ಔರಾದ ಕಡೆ. ಮಷಿನ್ ಒಂದು ದಿಕ್ಕಿಗೆ ಹೋದರೆ ಆ ದಿಕ್ಕಿನ ಕೆಲಸ ಮುಗಿಸಿಯೇ ತಿರುಗಬೇಕು. ಯಾವ ದಿಕ್ಕಿಗೆ ಯಾವ ವಾರ ಎಂಬುದನ್ನು ಮೊದಲೇ ಬರೆದೆ. ಹೆಸರು ಬರೆಸಿದ ಕ್ರಮದಲ್ಲೇ ಪಾಳಿ. ಒಳಗೊಂದು ಹೊರಗೊಂದು ಇರಬಾರದು, ದಾರಿಯಲ್ಲಿ ಹೋಗುವವನಿಗೂ ಕಾಣಬೇಕು ಎಂದೇ ಅದನ್ನು ಹೊರಗೆ ಇಟ್ಟದ್ದು.

ಅಪ್ಪ ಬೋರ್ಡಿನ ಮುಂದೆ ನಿಂತು ಅಕ್ಷರ ಕೂಡಿಸಿ ಓದಿದ. ಆಮೇಲೆ ಬೆರಳಿಟ್ಟು ಕೇಳಿದ, "ಇಲ್ಲಿ ಸಂಜಿಗಿ ಯಾರ ಹೆಸರೂ ಇಲ್ಲಲ್ಲ?"

"ಅದು ಖಾಲಿನೇ ಇರ್ಲಿ."

"ಸುಗ್ಗಿ ದಿನದಾಗ ಮಷಿನ್ ಖಾಲಿ ಬಿಡ್ತಾರೇನವಾ?"

"ಒಂದು ಕಣದಾಗ ತಡ ಆಯ್ತಂದ್ರ ಮುಂದಿನವ್ರಿಗಿ ಸುಳ್ಳ ಹೇಳ್ಬೇಕಾಗ್ತದ ಅಪ್ಪ. ಆ ಖಾಲಿ ಜಾಗ ಇತ್ತಂದ್ರ ಸುಳ್ಳ ಹೇಳೋದು ತಪ್ತದ."

ಅಪ್ಪ ಬೋರ್ಡಿನ ಮೇಲಿಂದ ಬೆರಳು ತೆಗೆದ. ಸುಳ್ಳಿನ ಮಾತು ಅವನಿಗೆ ನಾಟಿತ್ತು.

ರಫೀಕ್ ಭಾಯಿಗೆ ನಾನು ಹೇಳಿದ್ದು ಒಂದೇ. ಹಾದಿಯಲ್ಲಿ ಯಾರಿಗೂ ಮಾತು ಕೊಡಬಾರದು. ಅವರು ಅದನ್ನು ಎಷ್ಟು ಇಷ್ಟಪಟ್ಟು ಹಿಡಿದರೆಂದರೆ, ಯಾರು ಕೈ ಅಡ್ಡ ಮಾಡಿ ನಿಲ್ಲಿಸಿದರೂ, "ಬೋರ್ಡಿಗಿ ಕೇಳ್ರಿ ಸಾಹೇಬರ, ನಾ ಬರೀ ಸ್ಟೇರಿಂಗ್ ಹಿಡ್ಯಾಂವ" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋಗುತ್ತಾರೆ, ಆ ಹೊತ್ತು ಮಷಿನ್ ಹೇಗೂ ನಿಲ್ಲುತ್ತಿತ್ತು. ಆ ಅರ್ಧ ದಿನವನ್ನು ಮಷಿನ್ನಿಗೇ ಕೊಟ್ಟೆವು. ನಾನೂ ಅಪ್ಪನೂ ಕಾಳು ಸೋಸುವ ಜಾಳಿಗೆ ಸಿಕ್ಕ ಹೊಟ್ಟು ತೆಗೆದು, ತೊಳೆದು, ಗ್ರೀಸ್ ಹಾಕುವಷ್ಟರಲ್ಲಿ ರಫೀಕ್ ಭಾಯಿ ಅತ್ತರಿನ ವಾಸನೆಯೊಂದಿಗೆ ಬಂದು ನಟ್ಟುಗಳನ್ನು ಬಿಗಿ ಮಾಡುತ್ತಿದ್ದರು. ಬೆಲ್ಟು ಹರಿದ, ಬೇರಿಂಗು ಕೆಟ್ಟ ಮೇಲೆ ಬೀದರಿಗೆ ಓಡುವುದು ಬೇಡವೆಂದು ಒಂದೊಂದು ಹೆಚ್ಚಿಗೆ ತಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಟ್ರ್ಯಾಕ್ಟರಿಗೇ ಬಿಗಿದೆವು.

ಇನ್ನೊಂದು ಕೆಲಸ ನನ್ನದೇ. ಪಾಳಿ ಬರುವ ಹಿಂದಿನ ದಿನ ಫೋನು ಮಾಡಿ ಕೇಳುತ್ತಿದ್ದೆ. "ಚೀಲ ಅದಾವೇನ್ರಿ? ಆಳಿಗಿ ಹೇಳೀರೇನ್ರಿ? ಬೆಳಿ ಒಣಗ್ಯದೇನ್ರಿ?" ಮೂರಕ್ಕೂ ಹೌದು ಅಂದರೆ ಮಷಿನ್ ಬರುತ್ತದೆ. ಇಲ್ಲ ಅಂದರೆ ಹೆಸರು ಇಡೀ ಬೋರ್ಡಿನ ಕೊನೆಗೆ ಹೋಗುತ್ತದೆ. ಮೊದಲ ವರ್ಷ ಕಣಕ್ಕೆ ಹೋದ ಮೇಲೆ ಚೀಲಕ್ಕೆ ಓಡುವವರು, ಆಳಿಗಾಗಿ ಕೂಗುವವರು ಎಷ್ಟು ಜನರೋ. ಅಷ್ಟು ಹೊತ್ತು ಮಷಿನ್ ಸುಮ್ಮನೆ ನಿಂತಿರುತ್ತಿತ್ತು.

ಮನ್ನಳ್ಳಿ ಕಡೆ ಮೊದಲು ಹೋದೆವು. ಅಲ್ಲಿನ ಕೆಂಪು ಮಣ್ಣಿನಲ್ಲಿ ಬೆಳೆ ಬೇಗ ಒಣಗಿತ್ತು. ಕೆಲಸ ನೀರು ಕುಡಿದಷ್ಟು ಸಲೀಸಾಗಿ ಆಯಿತು. ಸಂಜೆಯ ಖಾಲಿ ಹೊತ್ತಿನಲ್ಲಿ ರಫೀಕ್ ಭಾಯಿ ಬೇವಿನ ಮರದ ಕೆಳಗೆ ಅಡ್ಡಾಗಿ, "ಬೇಟಾ, ಹೋದ ವರ್ಷ ನಾ ಕೂತು ಉಂಡಿದ್ದು ಯಾದ್ ಇಲ್ಲ ನೋಡು" ಎಂದರು.

ನಿಜವಾದ ಪರೀಕ್ಷೆ ಸಾಯಗಾಂವದಲ್ಲಿ ಬಂತು. ಅಲ್ಲಿ ಅಪ್ಪನ ಸ್ವಂತ ಅಣ್ಣ, ನನ್ನ ದೊಡ್ಡಪ್ಪನ ಹೊಲ. ಹಿಂದಿನ ದಿನ ಫೋನಿನಲ್ಲಿ "ಎಲ್ಲಾ ತಯಾರದ" ಎಂದಿದ್ದ. ಹೋಗಿ ನೋಡಿದರೆ ಬಣವೆಯ ಮೇಲಿನ ಪದರ ಒಣಗಿದೆ, ಒಳಗೆ ಕೈ ಹಾಕಿದರೆ ಹಸಿ. ಚೀಲಗಳು ಇನ್ನೂ ಭಾಲ್ಕಿಯಿಂದ ಬಂದೇ ಇರಲಿಲ್ಲ. ರಫೀಕ್ ಭಾಯಿ ಇಂಜಿನ್ ಬಂದ್ ಮಾಡಿ ನನ್ನ ಮುಖ ನೋಡಿದರು. ಅಪ್ಪ ನೆಲ ನೋಡಿದ.

"ದೊಡ್ಡಪ್ಪ, ಹಸಿ ಅದ. ಹಾಕಿದ್ರ ಜಾಳಿ ಕಟ್ತದ, ಕಾಳೂ ಕೆಡ್ತಾವ. ಕೊನೀಗಿ ತಿರಗಾ ಬರ್ತೇವಿ" ಎಂದೆ.

"ಮನಿ ಮಷಿನ್ನಿಗೂ ಪಾಳಿ ಏನವಾ? ನಾ ಏನ್ ಹೊರಗಿನಂವ ಏನು?"

"ಹೊರಗಿನವ್ರಿಗಿ ಒಂದು, ಮನಿಯವ್ರಿಗಿ ಒಂದು ಮಾಡಿದ್ರ ನಾಳಿಗಿ ಯಾರೂ ನಂಬಂಗಿಲ್ಲ."

ದೊಡ್ಡಪ್ಪ ಟವೆಲ್ಲು ಕೊಡವಿ ಹೊಲದ ಆಚೆ ಬದಿಗೆ ಹೋಗಿಬಿಟ್ಟ. ದೊಡ್ಡಮ್ಮ ತಂದ ಚಹಾವನ್ನು ನಾವೇ ಕುಡಿದೆವು. ಅಲ್ಲಿಂದ ಪಕ್ಕದ ಹೊಲಕ್ಕೆ ಹೋಗಿ ಅವರ ಬಣವೆಯ ರಾಶಿ ಮಾಡಿದೆವು. ಆ ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಮನೆಗೆ ಬಂದು ದೊಡ್ಡಪ್ಪನ ಹೆಸರನ್ನು ಅಳಿಸಿ, ಬೋರ್ಡಿನ ಕಟ್ಟಕಡೆಗೆ, ಔರಾದ ಕಡೆಯ ಹೆಸರುಗಳೂ ಮುಗಿದ ಮೇಲೆ, ಬರೆದೆ. ಹತ್ತಿರವೇ ನಿಂತಿದ್ದ ಅಪ್ಪ, "ದಪ್ಪಗ ಬರಿ, ಕಾಣ್ಲಿ" ಎಂದ. ಅವನ ಮನಸ್ಸಿನಲ್ಲಿ ಏನಿತ್ತೋ ಆಗ ನನಗೆ ಗೊತ್ತಾಗಲಿಲ್ಲ.

ದಸರಾ ಕಳೆದಿತ್ತು. ಮಷಿನ್ ಔರಾದ ಕಡೆ ತಿರುಗಿದ ವಾರವೇ ಗಡಿಯಾಚೆಯ ಉದಗೀರ ದಿಕ್ಕಿನಿಂದ ಮೋಡ ಏಳಲು ಶುರುವಾಯಿತು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನಕ್ಕೆ ಸೆಕೆ, ಸಂಜೆಗೆ ದೂರದಲ್ಲಿ ಗುಡುಗು. ಕೊಯ್ದು ಹಾಕಿದ ಸೋಯಾ ಒಮ್ಮೆ ನೆನೆದರೆ ಕಾಳು ಕಪ್ಪಾಗುತ್ತದೆ, ಬಿಟ್ಟರೆ ಮೊಳಕೆಯೊಡೆಯುತ್ತದೆ. ವರ್ಷದ ಅನ್ನ ಬಯಲಲ್ಲಿ ಬಿದ್ದಿರುವಾಗ ಯಾರಿಗೆ ನಿದ್ದೆ ಬರುತ್ತದೆ? ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಪ್ರತಿಯೊಬ್ಬರದೂ ಒಂದೇ ಮಾತು, ನಮ್ಮದು ಮೊದಲು ಮಾಡ್ರಿ.

ಅಂಥದೊಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿತು. ಇಳಿದವರು ಕಾಶಪ್ಪ ಪಾಟೀಲರು. ಔರಾದ ಹತ್ತಿರದ ಊರಿನವರು, ಆ ಸುತ್ತಿನಲ್ಲೇ ದೊಡ್ಡ ಹೊಲದವರು. ಹಿಂದೆ ಸುಗ್ಗಿ ಬಂತೆಂದರೆ ಸಾಯಗಾಂವದಿಂದ ಒಂದು ಗುಂಪು ಅವರ ಕಣಕ್ಕೆ ಕೂಲಿಗೆ ಹೋಗುತ್ತಿತ್ತು. ಅದರಲ್ಲಿ ಅಪ್ಪನೂ ಇರುತ್ತಿದ್ದ. ಚಹಾ ಕುಡಿಯುತ್ತಿದ್ದ ಅಪ್ಪ ಬಟ್ಟಲು ಕೈಯಲ್ಲಿದ್ದ ಹಾಗೆಯೇ ಎದ್ದು ನಿಂತ.

"ಮಾರುತಿ, ಮಷಿನ್ ಇವತ್ತೇ ನಮ್ಮ ಕಡಿ ಕಳಸು. ಆಕಾಶ ನೋಡ್ದಿಲ್ಲೇನು?"

ಅಪ್ಪ ನನ್ನ ಕಡೆ ಕೈ ತೋರಿಸಿದ. "ಮಗಳಿಗಿ ಕೇಳ್ರಿ" ಎಂದ.

ನಾನು ಅವರಿಗೆ ಕುರ್ಚಿ ಕೊಟ್ಟು, ಬೋರ್ಡಿನಲ್ಲಿ ಅವರ ಹೆಸರು ತೋರಿಸಿದೆ. "ನಿಮ್ಮ ಪಾಳಿ ಗುರುವಾರ ಅದ ರಿ."

"ನಂದೆಷ್ಟು ಹೊಲ ಅದ ಗೊತ್ತದೇನು ನಿಂಗ?"

"ಗೊತ್ತದ ರಿ. ಅದಕ್ಕೇ ನಿಮಗ ಒಂದು ಪೂರಾ ದಿನ ಇಟ್ಟೇವ್ರಿ. ಚೀಲ ಬಂದಾವೇನ್ರಿ?"

ಅವರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು.

"ಬಣವಿಗಿ ತಾಡಪತ್ರಿ ಹೊಚ್ಚಸೀರೇನ್ರಿ?"

"ಆಳು ಹೊಚ್ತಾರ. ನೀ ಮಷಿನ್ ಮಾತಾಡು."

"ಇವತ್ತೇ ಹೊಚ್ಚಸ್ರಿ ಕಾಕಾ. ತುದೀಗಿ ಕಲ್ಲ ಇಡಸ್ರಿ. ಮಳಿ ಬಂದು ಹೋದ್ರೂ ಕಾಳ ಉಳೀತಾವ. ಗುರುವಾರ ನಾವು ಬರ್ತೇವಿ."

ಪಾಟೀಲರ ಮುಖ ಬಿಗಿಯಾಯಿತು. ಅವರು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು. "ನಿಮ್ಮ ನಿಮ್ಮ ಮಂದೀದು ಮೊದಲ ಮಾಡ್ಕೊಂಡು, ನಮಗ ಬೋರ್ಡ್ ತೋರಸ್ತೀರೇನೋ?"

ಅಪ್ಪ ಬಟ್ಟಲನ್ನು ನಿಧಾನವಾಗಿ ಕಟ್ಟೆಯ ಮೇಲೆ ಇಟ್ಟ. ಬೋರ್ಡಿನ ಹತ್ತಿರ ಹೋಗಿ, ಕಟ್ಟಕಡೆಯ ದಪ್ಪ ಅಕ್ಷರದ ಮೇಲೆ ಕೈ ಇಟ್ಟ.

"ಪಾಟೀಲರ, ಇದು ನಮ್ಮಣ್ಣನ ಹೆಸರ್ರಿ. ಸ್ವಂತ ಅಣ್ಣ. ಅವನ ಬಣವಿನೂ ಬಯಲಾಗೇ ಬಿದ್ದದ್ರಿ. ಎಲ್ಲಾರಕಿಂತ ಕೆಳಗ ಅದ, ನೋಡ್ರಿ. ನಾ ಹೇಳಿದ್ರೂ ಪಾಳಿ ಹಿಂದ ಮುಂದ ಆಗಂಗಿಲ್ರಿ."

ಅಪ್ಪ ಪಾಟೀಲರ ಮುಂದೆ ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲಿರಬೇಕು. ದನಿ ಎತ್ತರವಾಗಿರಲಿಲ್ಲ. ಆದರೆ ತಡವರಿಸಲೂ ಇಲ್ಲ. ಪಾಟೀಲರು ಆ ಹೆಸರನ್ನು ಓದಿದರು, ಅಪ್ಪನನ್ನು ನೋಡಿದರು. "ಉದಗೀರದಿಂದ ಬ್ಯಾರೇ ಮಷಿನ್ ತರಸ್ತೇನಿ" ಎಂದು ಹೇಳಿ ಹೋದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಕಟ್ಟೆಯ ಮೇಲೆ ಕುಳಿತ.

"ಸರಿ ಹೇಳಿದ್ನೇನವಾ?"

"ಸರಿ ಹೇಳ್ದಿ ಅಪ್ಪ."

ಮಂಗಳವಾರ ಔರಾದ ಹಾದಿಯ ಒಂದು ಹಳ್ಳಿಯಲ್ಲಿ ಕೆಲಸ ನಡೆದಿತ್ತು. ಪಡುವಣದ ಅರ್ಧ ಆಕಾಶ ಕಪ್ಪಾಗಿತ್ತು. ಬಣವೆ ಇನ್ನೂ ಅರ್ಧ ಉಳಿದಿರುವಾಗ ಪಟಾರನೆ ಬೆಲ್ಟು ಹರಿಯಿತು. ಹೊಲದವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಹಿಂದಿನ ವರ್ಷವಾಗಿದ್ದರೆ ನಾವೂ ಹಾಗೇ ಕೂರುತ್ತಿದ್ದೆವು. ರಫೀಕ್ ಭಾಯಿ ಪೆಟ್ಟಿಗೆ ತೆರೆದು ಹೊಸ ಬೆಲ್ಟು ತೆಗೆದರು. ಹಾಕಿ ಬಿಗಿಯುವಷ್ಟರಲ್ಲಿ ಆಳುಗಳು ಒಂದು ಸುತ್ತು ಚಹಾ ಕುಡಿದಿದ್ದರು. ತಡವಾದ ಹೊತ್ತನ್ನು ಸಂಜೆಯ ಖಾಲಿ ಜಾಗ ನುಂಗಿತು. ಕೊನೆಯ ಚೀಲದ ಬಾಯಿ ಹೊಲಿದು ಒಳಗಿಡುವಾಗ ಮೊದಲ ಹನಿಗಳು ಬಿದ್ದವು. ಹೊಲದವನ ತಾಯಿ ಮಳೆಯಲ್ಲೇ ಬಂದು ನನ್ನ ಗದ್ದ ಹಿಡಿದಳು.

ಎರಡು ದಿನ ಮಳೆ ಬಿಡಲಿಲ್ಲ. ಕಪ್ಪು ಮಣ್ಣು ಅಂಟಂಟಾಗಿ, ಹೊಲಕ್ಕೆ ಎತ್ತಿನ ಗಾಡಿಯೂ ಇಳಿಯದಂತಾಯಿತು. ಆ ಎರಡು ದಿನ ನಾನು ಮಾಡಿದ ಕೆಲಸವೆಂದರೆ ಬೋರ್ಡಿನಲ್ಲಿ ಉಳಿದ ಪ್ರತಿಯೊಬ್ಬರಿಗೂ ಅವರು ಕೇಳುವ ಮೊದಲೇ ಫೋನು ಮಾಡಿದ್ದು. "ಎಲ್ಲಾರದೂ ಮುಂದಕ್ಕ ಹೋಗ್ಯದ ರಿ, ಯಾರ ಪಾಳಿನೂ ತಪ್ಪಂಗಿಲ್ಲ. ಬಿಸಿಲು ಬರೋತನಕ ತಾಡಪತ್ರಿ ತೆಗೀಬ್ಯಾಡ್ರಿ." ಇಷ್ಟೇ. ಬೈಯುತ್ತಾರೆ ಎಂದುಕೊಂಡೇ ಮಾಡಿದ್ದೆ. ಒಬ್ಬರೂ ಬೈಯಲಿಲ್ಲ. ಒಬ್ಬರು ಮುದುಕರು, "ನೀ ಹೇಳ್ದಿ, ನಮಗ ಧೈರ್ಯ ಬಂತವಾ" ಎಂದರು. ಕಾಶಪ್ಪ ಪಾಟೀಲರ ಮನೆಗೂ ಮಾಡಿದೆ. ಅವರು ಫೋನಿಗೆ ಬರಲಿಲ್ಲ. ಅವರ ಮನೆಯಾಳಿಗೆ ಹೇಳಿ ಇಟ್ಟೆ.

ಬಿಸಿಲು ಬಿತ್ತು, ನೆಲ ಆರಿತು. ಪಾಟೀಲರ ಪಾಳಿಯ ಹಿಂದಿನ ದಿನ ಮತ್ತೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ.

ಅಪ್ಪ ಕೇಳಿದ, "ಚೀಲದ್ದೂ ಗೊತ್ತಿಲ್ಲ, ಆಳಿಂದೂ ಗೊತ್ತಿಲ್ಲ. ಹೋಗೋಣೇನು? ಉದಗೀರದ್ದು ಬಂದು ಮಾಡಿ ಹೋಗಿದ್ರ?"

"ಬ್ಯಾಡ ಅಂತ ಅವ್ರು ಹೇಳಿಲ್ಲಲ್ಲ ಅಪ್ಪ. ಹೆಸರು ಇರೋತನಕ ಹೋಗ್ಬೇಕು. ಮಾಡಿ ಹೋಗಿದ್ರ ಮುಂದಿನ ಹೊಲಕ್ಕ ನಡಿಯೋದು."

ಆ ದಿನ ನಾನೂ ಟ್ರ್ಯಾಕ್ಟರ್ ಹತ್ತಿದೆ. ಹೊಲದ ಹಾದಿ ತಿರುಗಿದಾಗ ಮೊದಲು ಕಂಡದ್ದು ತಾಡಪತ್ರಿ. ಇಡೀ ಬಣವೆಗೆ ಬಿಗಿಯಾಗಿ ಹೊಚ್ಚಿ, ಅಂಚಿಗೆಲ್ಲ ಕಲ್ಲು ಇಟ್ಟಿದ್ದರು. ಪಕ್ಕದಲ್ಲಿ ಹೊಸ ಚೀಲಗಳ ಕಟ್ಟು. ಆಳುಗಳು ಸಾಲಾಗಿ ಕುಳಿತಿದ್ದರು. ಪಾಟೀಲರು ಹಾದಿಯ ಬದಿಯಲ್ಲೇ ನಿಂತಿದ್ದರು. ಉದಗೀರದ ಮಷಿನ್ ಅಲ್ಲಿನವರಿಗೇ ಸಾಲದೆ ಬಂದೇ ಇರಲಿಲ್ಲ.

"ಬಂದ್ರಿ?" ಎಂದರು ಪಾಟೀಲರು.

"ನಿಮ್ಮ ಪಾಳಿ ಅಲ್ರಿ ಇವತ್ತು?" ಎಂದ ಅಪ್ಪ. ಅಷ್ಟೇ ಮಾತು. ತಾಡಪತ್ರಿ ಸರಿಸಿ ಅಪ್ಪ ಬಣವೆಯೊಳಗೆ ಮೊಣಕೈವರೆಗೆ ಕೈ ಹಾಕಿದ, ಒಂದು ಹಿಡಿ ಕಾಯಿ ತೆಗೆದು ಉಜ್ಜಿದ. ಕಾಳು ಗಟ್ಟಿಯಾಗಿ, ಹಳದಿಯಾಗಿ ಉದುರಿತು. ರಫೀಕ್ ಭಾಯಿಗೆ ಕೈ ಬೀಸಿದ. ಹೊತ್ತು ಇಳಿಯುವವರೆಗೂ ಮಷಿನ್ ನಿಲ್ಲಲಿಲ್ಲ.

ಕೆಲಸ ಮುಗಿದು ಆಳುಗಳು ಕೈಕಾಲು ತೊಳೆಯುತ್ತಿದ್ದಾಗ ಪಾಟೀಲರು ಒಂದು ತುಂಬಿದ ಚೀಲವನ್ನು ಅಪ್ಪನ ಮುಂದೆ ಇಡಿಸಿದರು. ಹಿಂದೆ ರಾಶಿ ಎತ್ತಿದ ಮೇಲೆ ಕಣದ ತಳದಲ್ಲಿ ಮಣ್ಣು ಬೆರೆತು ಉಳಿದ ಕಾಳು ಕೂಲಿಯವರ ಪಾಲು. ಅಪ್ಪ ಅದನ್ನು ಧೋತರದ ತುದಿಯಲ್ಲಿ ಕಟ್ಟಿಕೊಂಡು ಬಂದರೆ ಅವ್ವ ಕೂತು ಹರಳು ಆರಿಸುತ್ತಿದ್ದಳು. ಈ ಚೀಲದಲ್ಲಿ ಇದ್ದದ್ದು ಮೇಲಿನ ಒಳ್ಳೆಯ ಕಾಳು. ಪಾಟೀಲರು ಅಕ್ಕರೆಯಿಂದಲೇ ಹೇಳಿದರು, "ಮಾರುತಿ, ಇದು ನಿನ್ನ ಪಾಲು. ಒಯ್ಯಿ."

ಅಪ್ಪ ಚೀಲವನ್ನು ಮುಟ್ಟಲಿಲ್ಲ. ಕೈ ಮುಗಿದ.

"ಪಾಲು ಬ್ಯಾಡ್ರಿ ಪಾಟೀಲರ. ಬಾಡಿಗಿ ಎಲ್ಲಾರದೂ ಹ್ಯಾಂಗೋ ಹಂಗೇ ಕೊಡ್ರಿ. ಮುಂದಿನ ವರ್ಷ ಹೆಸರು ಜಲ್ದಿ ಬರಸ್ರಿ."

ಸುತ್ತಲಿದ್ದ ಆಳುಗಳು ತಿರುಗಿ ನೋಡಿದರು. ಪಾಟೀಲರು ಚೀಲವನ್ನು ಹಿಂದಕ್ಕೆ ಇಡಿಸಿದರು. ಆಮೇಲೆ ತಲೆದೂಗಿ, "ಈಗೇ ಬರ್ಕೊ" ಎಂದರು. ಒಂದು ಗಳಿಗೆ ಬಿಟ್ಟು ಮತ್ತೆ ಹೇಳಿದರು, "ಬರ್ಕೋರಿ."

ಅಪ್ಪ ನನ್ನ ಕಡೆ ನೋಡಲಿಲ್ಲ. ಟವೆಲ್ಲಿನಿಂದ ಮುಖದ ಧೂಳು ಒರೆಸಿಕೊಂಡು, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕುಳಿತ. ಆ ಕಡೆ ಇನ್ನು ಯಾರ ಹೆಸರೂ ಉಳಿದಿರಲಿಲ್ಲ. ಮುಂದೆ ಎಲ್ಲಿಗೆ ಎಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ.

"ನಡೀ ರಫೀಕ, ಸಾಯಗಾಂವ" ಎಂದ. "ನಮ್ಮಣ್ಣ ಹಾದಿ ನೋಡ್ಲತ್ತಾನ."